ಒಂದೇ ಗಾಂಧಾರ, ಮೂರು ನೆಲ

— ಅಂಕಲ್, ಎ ಮೈನರ್ ಪೆಂಟಟಾನಿಕ್‌ನ ಐದೂ ಬಾಕ್ಸ್ ಬಾಯಿಪಾಠ ಆಗಿದೆ. 5ನೇ ಫ್ರೆಟ್‌ನಿಂದ 17ರವರೆಗೆ ನೋಡದೇನೇ ಓಡಿಸ್ತೀನಿ. ಆದ್ರೆ ಬ್ಯಾಕಿಂಗ್ ಟ್ರ್ಯಾಕ್ ಹಾಕ್ಕೊಂಡು ಕೂತ್ರೆ ಬ್ಲೂಸ್ ಅನ್ನಿಸೋದೇ ಇಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಅಷ್ಟೇ ಆಗ್ತಿದೆ.

— ಓಡಿಸ್ತೀನಿ ಅಂದ್ಯಲ್ಲಮ್ಮ, ತೊಂದರೆ ಅಲ್ಲೇ ಇದೆ. ಗಿಟಾರ್ ಸ್ವಲ್ಪ ಹೊತ್ತು ಪಕ್ಕಕ್ಕಿಡು. ಚಿಕ್ಕವಳಿದ್ದಾಗ ನೀನು ಸಂಗೀತಕ್ಕೆ ಹೋಗ್ತಿದ್ದೆ ಅಂತ ನಿಮ್ಮಮ್ಮ ಹೇಳ್ತಿದ್ರು. ಎಲ್ಲೀವರೆಗೆ ಆಗಿತ್ತು?

— ಸರಳೆ, ಜಂಟಿ, ಅಲಂಕಾರ, ಗೀತೆ, ಒಂದಷ್ಟು ದೇವರನಾಮ. ಹೈಸ್ಕೂಲಿಗೆ ಬಂದ್ಮೇಲೆ ಟ್ಯೂಷನ್ ಜಾಸ್ತಿಯಾಗಿ ನಿಂತೋಯ್ತು.

— ಅಷ್ಟು ಧಾರಾಳವಾಯ್ತು. ಎ ಸ್ವರಾನ ಷಡ್ಜ ಅಂತ ಇಟ್ಕೊಂಡು ಆ ಸ್ಕೇಲನ್ನ ಬಾಯಲ್ಲಿ ಹಾಡು ನೋಡೋಣ.

— ಸ ಗ ಮ ಪ ನಿ ಸ. ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ರಿಷಭ ಇಲ್ಲ, ಧೈವತ ಇಲ್ಲ... ಅಂಕಲ್, ಇದು ಶುದ್ಧ ಧನ್ಯಾಸಿ!

— ಸ್ವರಸ್ಥಾನಗಳು ಅವೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ ‘ಹಿಮಗಿರಿ ತನಯೇ’ ಇದೇ ರಾಗದ್ದು. ನವರಾತ್ರೀಲಿ ಗೊಂಬೆ ಕೂರಿಸಿದ ಮನೆಗಳಲ್ಲಿ ನೀನೂ ಕೇಳಿರ್ತೀಯ. ಹಿಂದೂಸ್ತಾನಿಯವರ ಹತ್ರ ಧಾನಿ ಅಂತಿದೆ. ಅಂದ್ರೆ ಆ ಐದು ಸ್ವರ ಚಿಕ್ಕಂದಿನಿಂದ ನಿನ್ನ ಕಿವಿಯಲ್ಲಿ ಕೂತಿವೆ. ಬಾಕ್ಸ್ ಚಿತ್ರ ನೋಡ್ಕೊಂಡು ಕಲಿತಿದ್ದೆಲ್ಲ ಬೆರಳು ಎಲ್ಲಿಡಬೇಕು ಅನ್ನೋದು ಮಾತ್ರ.

— ಹಾಗಾದ್ರೆ ಶುದ್ಧ ಧನ್ಯಾಸಿ ಆಲಾಪನೆ ಮಾಡ್ದಂಗೆ ನುಡಿಸಿದ್ರೆ ಬ್ಲೂಸ್ ಬಂದ್ಬಿಡುತ್ತಾ?

— ಬರಲ್ಲ. ನಮ್ಮ ಕಡೆಯಿಂದ ಹೋದವರು ಎಡವೋದು ಅಲ್ಲೇ, ಅದಕ್ಕೇ ಮೊದಲೇ ಹೇಳ್ತೀನಿ. ರಾಗ ಹಾಡುವಾಗ ಹಿಂದೆ ತಂಬೂರಿ ಸ ಪ ಹಿಡಿದು ಕೂತಿರುತ್ತೆ, ಕಚೇರಿ ಮುಗಿಯೋವರೆಗೂ ಅದು ಕದಲಲ್ಲ. ನಿನ್ನ ಗಾಂಧಾರದ ಅರ್ಥ ಆ ಷಡ್ಜದಿಂದ ಹುಟ್ಟುತ್ತೆ. ಬ್ಲೂಸಲ್ಲಿ ಮೇಲಿನ ಸ್ವರಗಳು ಹಾಗೇ ಇರ್ತವೆ, ಕೆಳಗಿನ ನೆಲ ಬದಲಾಗ್ತಾ ಹೋಗುತ್ತೆ. ಎ ಸೆವೆಂತ್, ಡಿ ಸೆವೆಂತ್, ಇ ಸೆವೆಂತ್, ಮೂರು ಕಾರ್ಡು. ಹನ್ನೆರಡು ಬಾರ್ ಹೇಗೆ ಹೋಗುತ್ತೆ ಹೇಳು.

— ಮೊದಲ ನಾಲ್ಕು ಎ. ಆಮೇಲೆ ಎರಡು ಡಿ, ಎರಡು ಎ. ಒಂಬತ್ತನೇದು ಇ, ಹತ್ತನೇದು ಡಿ, ಹನ್ನೊಂದು ಎ, ಹನ್ನೆರಡನೇದರಲ್ಲಿ ತಿರುಗಿ ಇ.

— ಸರಿ. ಈಗ ಸಿ ಸ್ವರ ಒಂದನ್ನೇ ತಗೋ, ನಿನ್ನ ಸಾಧಾರಣ ಗಾಂಧಾರ. ಮೂರನೇ ತಂತಿ, 5ನೇ ಫ್ರೆಟ್. ಎ ಸೆವೆಂತ್ ಕಾರ್ಡಲ್ಲಿ ಯಾವ್ಯಾವ ಸ್ವರ ಇವೆ?

— ಎ, ಸಿ ಶಾರ್ಪ್, ಇ, ಜಿ. ಸ, ಗ, ಪ, ನಿ. ಆದ್ರೆ ಆ ಗ ಅಂತರ ಗಾಂಧಾರ!

— ನೋಡು, ಕೆಳಗೆ ಅಂತರ ಗಾಂಧಾರ ಮೊಳಗ್ತಿದೆ, ಮೇಲೆ ನೀನು ಸಾಧಾರಣ ಗಾಂಧಾರ ನುಡಿಸ್ತಿದ್ದೀಯ. ನಮ್ಮ ಪದ್ಧತೀಲಿ ಮೇಷ್ಟ್ರು ತೊಡೆ ಮೇಲೆ ತಟ್ಟಿ ನಿಲ್ಲಿಸ್ತಿದ್ರು. ಬ್ಲೂಸಿನ ಜೀವ ಇರೋದು ಆ ಎರಡರ ನಡುವೆ. ಆ ಸಿ ಸ್ವರಾನ ಹಾಗೇ ಬಿಟ್ರೆ ಒರಟಾಗಿ ಕೇಳುತ್ತೆ. ತೋರುಬೆರಳಿಂದ ತಂತೀನ ನೆಲದ ಕಡೆಗೆ ಒಂಚೂರು ಎಳಿ. ಸಿ ಶಾರ್ಪ್ ಮುಟ್ಟಬೇಡ. ಅರ್ಧ ದಾರೀಲಿ, ಎರಡು ಗಾಂಧಾರಗಳ ಮಧ್ಯೆ, ಪಿಯಾನೋದಲ್ಲಿ ಇಲ್ಲದ ಜಾಗದಲ್ಲಿ ನಿಲ್ಲಿಸು.

— ...ಹಾಂ. ಈಗ ಕೇಳ್ತು. ಯಾರೋ ಮಾತಾಡಿದಂಗಿದೆ.

— ಇನ್ನು ಐದನೇ ಬಾರಿಗೆ ಬಾ. ಡಿ ಸೆವೆಂತ್‌ನಲ್ಲಿರೋದು ಡಿ, ಎಫ್ ಶಾರ್ಪ್, ಎ, ಸಿ. ಇಲ್ಲಿ ಸಿ ಕಾರ್ಡಿನ ಒಳಗೇ ಇದೆ, ಅದರ ಏಳನೇ ಸ್ವರ. ಇಲ್ಲಿ ಎಳೆದ್ರೆ ಅಪಶ್ರುತಿ ಅನ್ನಿಸುತ್ತೆ. ನೆಟ್ಟಗೆ ಹಿಡಿ, ನಿಲ್ಲು. ಒಂಬತ್ತನೇ ಬಾರಿನ ಇ ಸೆವೆಂತ್ ಮೇಲೆ ಅದೇ ಸಿ ಸ್ವರಕ್ಕೆ ಕೂರೋಕೆ ಜಾಗ ಇಲ್ಲ, ಹಾದು ಹೋಗಬೇಕು. ಅಲ್ಲಿ ನಿಲ್ಲೋದಾದ್ರೆ ಇ ಮೇಲೆ ನಿಲ್ಲು, ಇಲ್ಲಾ ಡಿ ಮೇಲೆ. ಬೆರಳು ಅದೇ, ತಂತಿ ಅದೇ, ಫ್ರೆಟ್ಟೂ ಅದೇ. ಒಂದು ಕಡೆ ಎಳೀಬೇಕು, ಒಂದು ಕಡೆ ನಿಲ್ಲಬೇಕು, ಒಂದು ಕಡೆ ದಾಟಬೇಕು. ಹೊಸದಾಗಿ ಲೀಡ್ ಕಲಿಯೋವ್ರಿಗೆ ಮೊದಲು ಹೇಳಬೇಕಾದ್ದು ಇದು ಅಂತ ನಾನು ನಂಬಿದ್ದೀನಿ. ಐದು ಬಾಕ್ಸ್ ಆಮೇಲೆ ಬರ್ಲಿ. ಒಂದು ಸ್ವರ ಮೂರು ನೆಲದ ಮೇಲೆ ಹೇಗೆ ನಡ್ಕೊಳ್ಳುತ್ತೆ ಅಂತ ತಿಳಿದ್ರೆ ಮಿಕ್ಕ ನಾಲ್ಕನ್ನ ನೀನೇ ಹುಡುಕ್ಕೋತೀಯ.

— ಅಂದ್ರೆ ಸ್ವಲ್ಪ ದಿನ ಒಂದೇ ಸ್ವರ ನುಡಿಸ್ತಾ ಕೂರ್ಲಾ?

— ಮೂರು ತಗೋ. ನಾಲ್ಕನೇ ತಂತಿ 7ನೇ ಫ್ರೆಟ್‌ನ ಎ, ಮೂರನೇ ತಂತಿ 5ರ ಸಿ, 7ರ ಡಿ. ಸ, ಗ, ಮ. ಹನ್ನೆರಡು ಬಾರ್ ಪೂರ್ತಿ ಈ ಮೂರರಲ್ಲೇ ನುಡಿಸು. ಇದರ ಮೇಲೆ ಬೇಸರ ಬಂದು, ಆ ಬೇಸರ ದಾಟಿದ ಮೇಲೆ ನಾಲ್ಕನೇದು ಸೇರಿಸು.

— ಬೆಂಡ್ ಬಗ್ಗೆ ಕೇಳ್ಬೇಕಿತ್ತು. ಅಣ್ಣನ ಅಕೌಸ್ಟಿಕ್ ಮೇಲೆ ಎಷ್ಟು ದಿನ ಒದ್ದಾಡಿದ್ರೂ 7ನೇ ಫ್ರೆಟ್‌ನ ಬೆಂಡ್ ಬರ್ಲೇ ಇಲ್ಲ. ಬೆರಳ ತುದಿ ಕೆಂಪಾಗಿ ಊದಿತ್ತು. ನನ್ನ ಕೈಯಲ್ಲಿ ಶಕ್ತಿ ಇಲ್ಲ ಅಂದ್ಕೊಂಡಿದ್ದೆ.

— ಶಕ್ತಿಯ ವಿಷಯ ಅಲ್ಲಮ್ಮ. ಮಾಮೂಲಿ ಅಕೌಸ್ಟಿಕ್ ಸೆಟ್‌ನಲ್ಲಿ ಮೂರನೇ ತಂತಿ ಸುರುಳಿ ಸುತ್ತಿದ ದಪ್ಪ ತಂತಿ. ಅದನ್ನ ಪೂರ್ತಿ ಒಂದು ಸ್ವರ ಏರಿಸೋದು ಪಳಗಿದ ಕೈಗೂ ಕಷ್ಟ. ಎಲೆಕ್ಟ್ರಿಕ್‌ನ ಹಗುರ ಸೆಟ್‌ನಲ್ಲಿ ಮೂರನೇದು ಬರೀ ಉಕ್ಕಿನ ತಂತಿ, ಒಂಬತ್ತರ ಸೆಟ್ಟಾದ್ರೆ 16, ಹತ್ತರ ಸೆಟ್ಟಾದ್ರೆ 17, ಇಂಚಿನ ಸಾವಿರದ ಲೆಕ್ಕದಲ್ಲಿ. ನಿನ್ನ ಈಗಿನ ಗಿಟಾರಿಗೆ ಒಂಬತ್ತರ ಸೆಟ್ಟೇ ಇರ್ಲಿ. ಬೆಂಡ್ ಕಲಿಯೋಕೆ ಮುಂಚೆ ತಂತಿ ಯಾವುದು ಅಂತ ನೋಡ್ಕೊಳ್ದೆ ಎಷ್ಟು ಜನ ಕೈ ಬಿಟ್ಟಿದಾರೋ.

— ಸರಿ, ಕೈ ಹೇಗಿಡ್ಲಿ?

— ಉಂಗುರದ ಬೆರಳು 7ನೇ ಫ್ರೆಟ್ ಮೇಲೆ. ಮಧ್ಯದ ಬೆರಳು, ತೋರುಬೆರಳು ಅದೇ ತಂತಿಯ ಮೇಲೆ ಹಿಂದೆ, ಆಸರೆಗೆ. ಮೂರೂ ಸೇರಿ ತಳ್ಳಬೇಕು. ಹೆಬ್ಬೆರಳು ನೆಕ್‌ನ ಮೇಲಿಂದ ಬಂದು ಹಿಡೀಲಿ. ಬೆರಳುಗಳನ್ನ ಮಡಚಿ ತಳ್ಳಬೇಡ, ನಲ್ಲಿ ತಿರುಗಿಸುವಾಗ ಮುಂಗೈ ತಿರುಗುತ್ತಲ್ಲ, ಹಾಗೆ ತಿರುಗಿಸು. ಬೆರಳು ತಂತಿಗೆ ಅಂಟ್ಕೊಂಡಿದ್ರೆ ಸಾಕು, ಕೆಲಸ ಮುಂಗೈಯದು. ಹಾಂ, ಮೇಲಕ್ಕೆ... ಇನ್ನೂ...

— ಬಂತಾ?

— ನನ್ನನ್ನ ಕೇಳ್ಬೇಡ. ಎರಡನೇ ತಂತಿ 5ನೇ ಫ್ರೆಟ್ ಕೂಡ ಇ ಸ್ವರಾನೇ. ಅದನ್ನ ಮೊದಲು ಮೀಟಿ ಮೊಳಗೋಕೆ ಬಿಡು. ಅದರ ಜೊತೆಗೆ ನಿನ್ನ ಬೆಂಡ್ ಏರ್ಲಿ. ಮಧ್ಯಮದಿಂದ ಪಂಚಮಕ್ಕೆ ಹೋಗ್ತಿದ್ದೀಯ. ಹತ್ರ ಬಂದಾಗ ಎರಡೂ ಸ್ವರ ಜಗಳ ಆಡ್ತವೆ, ದನಿ ವವವವ ಅಂತ ಅಲೆಯಾಗಿ ನಡುಗುತ್ತೆ. ಇನ್ನೂ ಹತ್ರ ಬಂದಂತೆ ಆ ಅಲೆ ನಿಧಾನ ಆಗುತ್ತೆ. ಸರಿಯಾಗಿ ಕೂತ ಕ್ಷಣ ಅಲೆ ನಿಲ್ಲುತ್ತೆ. ತಂಬೂರಿ ಶ್ರುತಿ ಮಾಡೋರು ಕಿವಿ ಹಚ್ಚಿ ಕೇಳೋದು ಇದನ್ನೇ.

— ಸ್ವಲ್ಪ ಕೆಳಗೇ ನಿಂತ್ಬಿಡ್ತಿದೆ.

— ಎಲ್ಲರದ್ದೂ ಮೊದಲು ಕೆಳಗೇ ನಿಲ್ಲುತ್ತೆ. ಕೇಳಿಸ್ತಾ ಇದೆಯಲ್ಲ, ಅದೇ ದೊಡ್ಡದು. ಒಂದು ಮಾತು ನೆನಪಿಟ್ಕೊ. ಫ್ರೆಟ್ ಇರೋ ವಾದ್ಯದಲ್ಲಿ ತಂತಿ ಎಳೆದ್ರೆ ಬಿಗಿ ಹೆಚ್ಚುತ್ತೆ, ಸ್ವರ ಏರೋದಷ್ಟೇ ಸಾಧ್ಯ. ಇಳಿಸಬೇಕು ಅಂದ್ರೆ ಮೊದಲೇ ಎಳೆದಿಟ್ಟು, ಆಮೇಲೆ ಮೀಟಿ, ಮೆಲ್ಲಗೆ ಬಿಡಬೇಕು. ವೀಣೆಯಲ್ಲೂ ಅದೇ ನಿಯಮ. ವೈಣಿಕರು ಒಂದೇ ಮೆಟ್ಟಿಲ ಮೇಲೆ ತಂತಿ ಎಳೆದು ಮೇಲಿನ ಸ್ವರ ತೆಗೀತಾರೆ, ಎಳೆದಿದ್ದನ್ನ ಬಿಟ್ಟು ಇಳೀತಾರೆ. ನಮ್ಮ ಮೈಸೂರು ಬಾನಿಯವರು ಈ ಎಳೆತವನ್ನ ಹಿಡಿತದಲ್ಲಿಟ್ಟು ಮೀಟಿಗೆ ಪ್ರಾಧಾನ್ಯ ಕೊಟ್ಟವರು. ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಣ ಹುಡುಕಿ ಕೇಳು. ಯಾವ ಸ್ವರಾನ ಎಳೀದೇ ಬಿಡ್ತಾರೆ ಅಂತ ಗಮನಿಸು. ಬೆಂಡ್ ಬಂತು ಅಂತ ಸಿಕ್ಕಿದ್ದನ್ನೆಲ್ಲ ಬಗ್ಗಿಸೋ ಚಟಕ್ಕೆ ಅದು ಒಳ್ಳೇ ಔಷಧಿ.

— ವೈಬ್ರೇಟೋ? ಬಿ.ಬಿ. ಕಿಂಗ್ ಒಂದು ಸ್ವರ ಹಿಡಿದ್ರೆ ಅದು ಹಾಡುತ್ತಲ್ಲ, ನನಗೆ ಅದು ಬೇಕು.

— ಅದರ ಹಿಂದೊಂದು ಕಥೆ ಇದೆ, ಅವರೇ ಹೇಳ್ಕೊಂಡಿದ್ದು. ಅವರ ತಾಯಿಯ ಸಂಬಂಧಿ ಬುಕ್ಕಾ ವೈಟ್ ಸ್ಲೈಡ್ ಗಿಟಾರಲ್ಲಿ ನಿಸ್ಸೀಮ. ತಂತಿ ಮೇಲೆ ಉಕ್ಕಿನ ಕೊಳವೆ ಜಾರಿಸಿ ಅಳಿಸ್ತಿದ್ದ. ಕಿಂಗ್‌ಗೆ ಆ ವಿದ್ಯೆ ಒಲೀಲಿಲ್ಲ. ಆ ದನೀನ ಬರೀ ಬೆರಳಲ್ಲಿ ತರಬೇಕು ಅಂತ ಹೊರಟಾಗ ಹುಟ್ಟಿದ್ದು ಈ ವೈಬ್ರೇಟೋ. ನಿನಗೆ ವಿಶ್ವಮೋಹನ ಭಟ್ಟರ ಮೋಹನವೀಣೆ ಗೊತ್ತಲ್ಲ, ಅದೂ ಸ್ಲೈಡ್. 1993ರಲ್ಲಿ ರೈ ಕೂಡರ್ ಜೊತೆ ‘ಎ ಮೀಟಿಂಗ್ ಬೈ ದಿ ರಿವರ್’ ಮಾಡಿ, ಮರುವರ್ಷ ಗ್ರ್ಯಾಮಿ ತಂದ್ರು. ಬ್ಲೂಸ್ ಬಲ್ಲವನೂ ರಾಗ ಬಲ್ಲವನೂ ಕೂತ ಕೂಡಲೇ ಮಾತಿಗಿಳಿದ ಹಾಗಿದೆ ಅದು. ವೈಬ್ರೇಟೋ ಈಗ ಬೇಡ. ಬೆಂಡ್ ಶ್ರುತಿಯಲ್ಲಿ ನಿಲ್ಲೋವರೆಗೆ ನಡುಗಿಸಿದ್ರೆ ತಪ್ಪನ್ನ ಮುಚ್ಚಿಟ್ಟ ಹಾಗಾಗುತ್ತೆ.

— ತಾಳದ ಬಗ್ಗೆ ಒಂದು ಸಂದೇಹ. ಬಾರ್ ಎಣಿಸ್ತಾ ನುಡಿಸೋಕೆ ಹೋದ್ರೆ ಸ್ವರ ತಪ್ಪುತ್ತೆ, ಸ್ವರ ನೋಡಿದ್ರೆ ಎಣಿಕೆ ತಪ್ಪುತ್ತೆ.

— ಆದಿತಾಳ ಹಾಕೋಕೆ ಬರುತ್ತಲ್ಲ? ನಾಲ್ಕು ಎಣಿಕೆಯ ಎರಡು ಬಾರ್ ಸೇರಿದ್ರೆ ಎಂಟಕ್ಷರ, ಒಂದು ಆವರ್ತ. ಹನ್ನೆರಡು ಬಾರ್ ಅಂದ್ರೆ ಆರು ಆವರ್ತ. ಮೊದಲ ಎರಡು ಆವರ್ತ ಎ. ಮೂರನೇದು ಡಿ. ನಾಲ್ಕನೇದು ಎ. ಐದನೇದರಲ್ಲಿ ಅರ್ಧ ಇ, ಅರ್ಧ ಡಿ. ಆರನೇದು ಮನೆಗೆ ಬಂದು ತಿರುಗೋದು. ನಡೆ ತಿಶ್ರ. ತಕಿಟ ತಕಿಟ ಅಂತ ಹೇಳ್ಕೊಂಡು ‘ಕಿ’ಯನ್ನ ನುಂಗು. ತ–ಟ, ತ–ಟ. ಷಫಲ್ ಅಂತಾರಲ್ಲ, ಅದು ಇದೇ.

— ಇದನ್ನ ಮೊದಲೇ ಯಾರೂ ಹೇಳ್ಲಿಲ್ವಲ್ಲ!

— ಬೆಳಿಗ್ಗೆ ಆಫೀಸಿಗೆ ಮೆಟ್ರೋದಲ್ಲಿ ತಾನೆ ಹೋಗೋದು? ದೀಪಾಂಜಲಿ ನಗರದಲ್ಲಿ ಹತ್ತಿದ್ರೆ ಮೆಜೆಸ್ಟಿಕ್ ಬರೋವರೆಗೆ ಗಿಟಾರ್ ಬೇಡ, ತೊಡೆ ಮೇಲೆ ಕೈ ಸಾಕು. ಬಿ.ಬಿ. ಕಿಂಗ್ ‘ಲೈವ್ ಅಟ್ ದಿ ರೀಗಲ್’ ಅಂತ ಇದೆ, 1964ರ ನವೆಂಬರಲ್ಲಿ ಷಿಕಾಗೋದಲ್ಲಿ ಮುದ್ರಿಸಿದ್ದು. ಅದನ್ನ ಕಿವಿಗೆ ಹಾಕ್ಕೊಂಡು ಆವರ್ತ ಎಣಿಸು. ನೆಲ ಎಲ್ಲಿ ಬದಲಾಯ್ತು ಅಂತ ಹೇಳೋಕೆ ಬರಬೇಕು, ಸ್ವರ ಗುರುತಿಸೋದು ಬೇಡ. ನಾನು ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದ ಕಾಲದಲ್ಲಿ ಗಣೇಶನ ಪೆಂಡಾಲು, ರಾಜ್ಯೋತ್ಸವ, ಎಲ್ಲಾ ಕಡೆ ರಾಜನ್–ನಾಗೇಂದ್ರ ಹಾಡು ಇರ್ಲೇಬೇಕು. ಗಿಟಾರ್ ಬಿಟ್ ರೆಕಾರ್ಡಲ್ಲಿದ್ದ ಹಾಗೇ ಬರಬೇಕು, ಒಂದು ಸ್ವರ ಆಚೀಚೆ ಆದ್ರೆ ಮುಂದಿನ ಸಾಲಿನವರು ಹೇಳ್ತಿದ್ರು. ಆ ಶಿಸ್ತು ನನ್ನ ಕಿವೀನ ಕಾಪಾಡ್ತು. ಕ್ಯಾಸೆಟ್ಟಲ್ಲಿ ಬ್ಲೂಸ್ ಕೇಳೋಕೆ ಶುರು ಮಾಡಿದಾಗ ಕಾರ್ಡು ಎಲ್ಲಿ ತಿರುಗುತ್ತೆ ಅಂತ ಕೈಗೆ ಮೊದಲೇ ಗೊತ್ತಿರ್ತಿತ್ತು.

— ಅಂಕಲ್, ಒಂದು ಕೇಳ್ಲಾ? ಇದು ಹತ್ತಿ ಹೊಲದಲ್ಲಿ ದುಡಿದವರ ಸಂಗೀತ. ಕಪ್ಪು ಜನ ಅನುಭವಿಸಿದ್ದು. ನಾನು ಮೈಸೂರು ರಸ್ತೆ ಪಕ್ಕ ಮೂರನೇ ಮಹಡೀಲಿ ಹೆಡ್‌ಫೋನ್ ಹಾಕ್ಕೊಂಡು ನುಡಿಸೋದು ಸರೀನಾ?

— ಕೇಳಿದ್ದು ಒಳ್ಳೇದಾಯ್ತು. ಬಿ.ಬಿ. ಕಿಂಗ್ ಹುಟ್ಟಿದ್ದು 1925ರಲ್ಲಿ, ಮಿಸಿಸಿಪಿಯ ಹತ್ತಿ ತೋಟದಲ್ಲಿ. ಹತ್ತಿ ಬಿಡಿಸಿ, ಟ್ರ್ಯಾಕ್ಟರ್ ಓಡಿಸಿ ಬೆಳೆದವರು. ಗುಲಾಮಗಿರಿ 1865ರಲ್ಲೇ ಮುಗಿದಿತ್ತು, ಸಾಲದ ಜೀತ ಮುಗಿದಿರ್ಲಿಲ್ಲ. ಆ ಜೀವನ ನಮ್ಮದು ಅಂತ ನಾವು ಹೇಳೋ ಹಾಗಿಲ್ಲ. ನೋವು ನಟಿಸಬೇಡ, ಅವರ ಉಚ್ಚಾರ ಅನುಕರಿಸಬೇಡ. ಯಾರಿಂದ ಕಲಿತೆ ಅಂತ ಮಾತ್ರ ಮರೀಬೇಡ. ಟಿ-ಬೋನ್ ವಾಕರ್ 1947ರಲ್ಲಿ ‘ಸ್ಟಾರ್ಮಿ ಮಂಡೇ’ ಮಾಡಿದ್ದನ್ನ ಕೇಳಿಯೇ ತನಗೆ ಎಲೆಕ್ಟ್ರಿಕ್ ಗಿಟಾರ್ ಬೇಕು ಅನ್ನಿಸ್ತು ಅಂತ ಕಿಂಗ್ ಹೇಳ್ತಿದ್ರು. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲಲ್ಲಿ ನಮ್ಮ ಅರಮನೆ ಮೈದಾನಕ್ಕೆ ಬಂದಾಗ ಇಡೀ ಊರು ಅವರದೇ ಮಾತಾಡ್ತಿತ್ತು. ಅವರ ಹೆಸರೇ ಮಡ್ಡಿ ವಾಟರ್ಸ್ 1950ರಲ್ಲಿ ತಂದ ಹಾಡಿಂದ ತಗೊಂಡಿದ್ದು ಅಂತ ನನ್ನ ಪಕ್ಕದವರಿಗೆ ಹೇಳಿದ್ರೆ ಮಡ್ಡಿ ವಾಟರ್ಸ್ ಯಾರು ಅಂತ ಕೇಳಿದ್ರು. ನನಗೆ ಆ ಪ್ರಶ್ನೆ ನೋವಾಯ್ತು. ಬೆಂಗಳೂರಲ್ಲೇ ಕ್ರಾನಿಕ್ ಬ್ಲೂಸ್ ಸರ್ಕಸ್ ಅನ್ನೋ ತಂಡ ಎಷ್ಟು ವರ್ಷದಿಂದ ಇದನ್ನ ನುಡಿಸ್ತಾ ಬಂದಿದೆ. ಶಿಲ್ಲಾಂಗಿನ ಸೋಲ್‌ಮೇಟ್ ಮೆಂಫಿಸ್‌ವರೆಗೂ ಹೋಗಿ ನುಡಿಸಿದ್ರು. ಅವರೆಲ್ಲ ಮೂಲದವರ ಹೆಸರು ಹೇಳ್ಕೊಂಡೇ ನುಡಿಸ್ತಾರೆ.

— ಎಲ್ಲಾ ಗಂಡಸರ ಹೆಸರೇ ಹೇಳ್ತಿದ್ದೀರ.

— ಮೆಂಫಿಸ್ ಮಿನ್ನಿ ಕೇಳು ಹಾಗಾದ್ರೆ. 1897ರಲ್ಲಿ ಹುಟ್ಟಿದ ಹೆಂಗಸು, ಹಾಡೋದೂ ಆಕೆಯೇ, ಲೀಡ್ ನುಡಿಸೋದೂ ಆಕೆಯೇ. ಸ್ಪರ್ಧೆಯಲ್ಲಿ ಆಕೆ ತನ್ನನ್ನ ಸೋಲಿಸಿದ್ದನ್ನ ಬಿಗ್ ಬಿಲ್ ಬ್ರೂಂಜಿ ಆತ್ಮಕಥೇಲಿ ಬರ್ಕೊಂಡಿದಾನೆ, ಅವನೇನು ಸಣ್ಣ ಗಿಟಾರಿಸ್ಟಲ್ಲ. 1941ರ ‘ಮಿ ಅಂಡ್ ಮೈ ಶೋಫರ್ ಬ್ಲೂಸ್’ ಇಂದ ಶುರು ಮಾಡು. ಹಾಡಿನ ಸಾಲು ಮುಗಿದ ಕೂಡ್ಲೆ ಗಿಟಾರ್ ಏನು ಹೇಳುತ್ತೆ, ಎಷ್ಟು ಚಿಕ್ಕದಾಗಿ ಹೇಳುತ್ತೆ ಅಂತ ನೋಡು.

— ಸಾಲು ಮುಗಿದ ಮೇಲೆ?

— ಲೀಡ್ ಗಿಟಾರ್ ಹುಟ್ಟಿರೋದೇ ಆ ಸಂದಿನಲ್ಲಿ. ಒಂದು ಸಾಲು ಹಾಡ್ತಾರೆ, ಅದನ್ನೇ ಮತ್ತೊಂದು ಸಲ ಹಾಡ್ತಾರೆ, ಮೂರನೇದಕ್ಕೆ ಬೇರೆ ಮಾತು ತಂದು ಮುಗಿಸ್ತಾರೆ. ಪ್ರತಿ ಸಾಲಿಗೂ ನಾಲ್ಕು ಬಾರ್. ದನಿ ಸುಮಾರು ಎರಡು ಬಾರಲ್ಲಿ ಮುಗಿದುಹೋಗುತ್ತೆ, ಉಳಿದ ಎರಡು ಬಾರ್ ಖಾಲಿ. ಆ ಒಂದು ಆವರ್ತ ಗಿಟಾರಿಂದು. ಗೀಗೀ ಪದದಲ್ಲಿ ಮುಂದಿನವರು ಹಾಡಿದ್ದಕ್ಕೆ ಹಿಂದಿನವರು ದನಿ ಕೂಡಿಸ್ತಾರಲ್ಲ, ಆ ಕಿವಿ ನಮ್ಮ ಜನಕ್ಕೂ ಇದೆ. ಇಲ್ಲಿ ಗಿಟಾರ್ ಪ್ರತಿಸಲ ಹೊಸ ಉತ್ತರ ಕೊಡ್ಬೇಕು. ಬಿ.ಬಿ. ಕಿಂಗ್ ಹಾಡುವಾಗ ನುಡಿಸ್ತಾನೇ ಇರ್ಲಿಲ್ಲ, ನುಡಿಸುವಾಗ ಹಾಡ್ತಿರ್ಲಿಲ್ಲ. ನೀನು ಹನ್ನೆರಡು ಬಾರೂ ತುಂಬಿಸೋಕೆ ನೋಡ್ತಿದ್ದೀಯ. ಯಾರೂ ಕೇಳದೇ ಇದ್ದ ಪ್ರಶ್ನೆಗೆ ಬಿಡುವಿಲ್ಲದೆ ಉತ್ತರ ಹೇಳೋದು ಅದು. ಮೊದಲು ಹಾಡು, ಆಮೇಲೆ ನುಡಿಸು.

— ನನಗೆ ಆ ಇಂಗ್ಲಿಷ್ ಸಾಲುಗಳು ಬಾಯಿಗೆ ಬರಲ್ಲ ಅಂಕಲ್. ಬಂದ್ರೂ ನಾನು ಅಂದಂಗೆ ಇರಲ್ಲ.

— ಇಂಗ್ಲಿಷ್ ಯಾಕೆ ಬೇಕು? ಕನ್ನಡದಲ್ಲಿ ಹಾಡು. ನಿನಗೆ ಗೊತ್ತಿರೋದನ್ನ ಹಾಡು. ಇಲ್ಲಿ ಬೆಳಗಾದ್ರೆ ಏನು ಕೇಳುತ್ತೆ?

— ಬೆಳಗಾಗೋಕೆ ಮುಂಚೇನೇ ಡಿಪೋದಿಂದ ಬಸ್ಸು ಹೊರಡ್ತವೆ. ಅಪ್ಪ ಇದ್ದಾಗ ಆ ಸದ್ದಿಗೇ ಏಳ್ತಿದ್ರು, ಹಾಲಿಗೆ ಹೋಗ್ತಿದ್ರು. ಈಗ ನಾನು ಏಳ್ತೀನಿ.

— ಅದನ್ನೇ ಹಾಡು.

— ‘ನಾಲ್ಕು ಹೊಡೆಯೋದ್ರೊಳಗೆ ಡಿಪೋ ಬಸ್ಸು ಎಬ್ಬಿಸಿತು... ನಾಲ್ಕು ಹೊಡೆಯೋದ್ರೊಳಗೆ ಡಿಪೋ ಬಸ್ಸು ಎಬ್ಬಿಸಿತು... ಹಾಲಿನ ಚೀಲ ಗೋಡೇಲಿದೆ, ತಗೊಂಡು ಹೋಗೋರಿಲ್ಲ.’

— ಸಾಲು ಸರಿಯಾಗಿದೆ, ಒಂದಕ್ಷರ ಬದಲಾಯಿಸಬೇಡ. ಈಗ ಗಿಟಾರ್ ತಗೋ. ‘ಎಬ್ಬಿಸಿತು’ ಅನ್ನುವಾಗ ನಿನ್ನ ದನಿ ಎಲ್ಲಿ ನಿಂತಿತು?

— ಗಾಂಧಾರದಲ್ಲಿ. ಸ್ವಲ್ಪ ಮೇಲೆ.

— ನೀನೇ ಎಳೆದೆ ನೋಡು, ಯಾರೂ ಹೇಳ್ಕೊಡ್ಲಿಲ್ಲ. ಗಿಟಾರ್ ಉತ್ತರಾನೂ ಅಲ್ಲಿಂದಲೇ ಎತ್ತು, ಸ ಗ ಮ ಮೂರರಲ್ಲೇ ಇರ್ಲಿ, ಷಡ್ಜಕ್ಕೆ ಬಂದು ಬಿಡು. ಎರಡನೇ ಸಲ ಅದೇ ಸಾಲು ಹಾಡುವಾಗ ನಾನು ಡಿ ಸೆವೆಂತ್‌ಗೆ ಹೋಗಿರ್ತೀನಿ.

— ಅಲ್ಲಿ ದನಿ ಎಳೀಬಾರದು.

— ಹೌದು, ನೆಟ್ಟಗೆ ಹಿಡಿ. ನೀನು ಉತ್ತರ ಕೊಡೋ ಹೊತ್ತಿಗೆ ನಾನು ವಾಪಸ್ ಎ ಸೆವೆಂತ್‌ಗೆ ಬಂದಿರ್ತೀನಿ, ಏಳನೇ ಬಾರಲ್ಲಿ. ಅಲ್ಲಿ ಗಿಟಾರಲ್ಲಿ ಮತ್ತೆ ಎಳೀಬಹುದು. ಅದೇ ಸಾಲಿಗೆ ಮೊದಲ ಸಲ ಕೊಟ್ಟ ಉತ್ತರಾನೇ ಕೊಡಬೇಡ.

— ‘ಹೋಗೋರಿಲ್ಲ’ ಆದ್ಮೇಲೆ?

— ಅಲ್ಲಿ ಹನ್ನೊಂದನೇ ಬಾರು, ನಾನು ಎ ಸೆವೆಂತ್‌ನಲ್ಲೇ ಇರ್ತೀನಿ. ಏನು ನುಡಿಸಬೇಕು ಅಂತ ಈಗ ನಿರ್ಧಾರ ಮಾಡ್ಬೇಡ, ಹಾಡಿ ಮುಗಿಸಿದಾಗ ಗೊತ್ತಾಗುತ್ತೆ. ತಕಿಟ ತಕಿಟ, ನಾಲ್ಕು ಎಣಿಸ್ತೀನಿ. ಆಂಪ್‌ನ ವಾಲ್ಯೂಮ್ ಸ್ವಲ್ಪ ಏರಿಸು, ನಿನ್ನ ಬೆಂಡ್ ನನಗೂ ಕೇಳ್ಬೇಕು.